ಕರುಳು ಎಂಬ ಪದ, ಕರುಳು ಎಂಬ ಅಂಗ

ಕನ್ನಡದಲ್ಲಿ ಕರುಳು ಎಂದ ಕೂಡಲೇ ನೆನಪಾಗುವುದು ತಾಯಿ. ಹೆತ್ತ ಕರುಳು, ಕರುಳಿನ ಕುಡಿ, ಕರುಳಬಳ್ಳಿ, ಕರುಳಿನ ಕರೆ. ಕೆಟ್ಟ ಸುದ್ದಿ ಕೇಳಿದರೆ ಕರುಳು ಚುರುಕ್ ಎನ್ನುತ್ತದೆ, ಅಗಲಿಕೆಯಲ್ಲಿ ಕಿತ್ತು ಬರುತ್ತದೆ. ಕನಿಕರವಿಲ್ಲದ ಮನುಷ್ಯನಿಗೆ ಕರುಳೇ ಇಲ್ಲ ಎನ್ನುತ್ತೇವೆ. ಸಿನಿಮಾ ಹಾಡುಗಳಿಂದ ಚುನಾವಣಾ ಭಾಷಣದವರೆಗೆ ಈ ಪದ ಮಾಡದ ಕೆಲಸವಿಲ್ಲ. ತಿಂದದ್ದನ್ನು ಅರಗಿಸಿ ಮುಂದಕ್ಕೆ ತಳ್ಳುವ, ಸುಮಾರು 6 ಮೀಟರ್ ಉದ್ದದ ಒಂದು ಕೊಳವೆಯ ಹೆಸರೂ ಇದೇ ಎಂಬುದು ಮಾತ್ರ ಮರೆತೇಹೋಗಿದೆ.

ನನ್ನ ಸಂಶೋಧನೆಯ ವಿಷಯ ಆಧುನಿಕ ಕನ್ನಡ ಗದ್ಯದಲ್ಲಿ ದೇಹದ ಚಿತ್ರಣ. ನನ್ನ ಸ್ವಂತ ದೇಹದ ಬಗ್ಗೆಯೂ ಒಂದು ಮಾತು ಇಲ್ಲಿ ಹೇಳಲೇಬೇಕು, ಏಕೆಂದರೆ ಈ ಓದು ಬಂದಿರುವುದೇ ಅಲ್ಲಿಂದ. ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆಯಿಂದಾಗಿ ಐದು ವರ್ಷಗಳ ಹಿಂದೆ ನನ್ನ ದೊಡ್ಡಕರುಳನ್ನು ತೆಗೆದುಹಾಕಿದರು. ಸಣ್ಣಕರುಳಿನ ಕೊನೆಯನ್ನು ಹೊಟ್ಟೆಯ ಬಲಭಾಗದಲ್ಲಿ ಹೊರಗೆ ತಂದು, ಅಂಚನ್ನು ಮಡಚಿ ಚರ್ಮಕ್ಕೆ ಹೊಲಿದರು. ಇದಕ್ಕೆ ಇಲಿಯಾಸ್ಟಮಿ ಎನ್ನುತ್ತಾರೆ, ಆ ಬಾಯಿಗೆ ಸ್ಟೋಮಾ. ಅದರ ಮೇಲೆ ಅಂಟಿಸಿಕೊಳ್ಳುವ ಚೀಲದಲ್ಲಿ ಗಂಜಿಯಷ್ಟು ತೆಳ್ಳಗಿನ ಮಲ ಹಗಲೂ ರಾತ್ರಿ ತುಂಬುತ್ತದೆ, ಮತ್ತೆ ಮತ್ತೆ ಖಾಲಿ ಮಾಡಬೇಕು. ಆಡುಮಾತಿನಲ್ಲಿ ಇದಕ್ಕೆ ಹೆಸರಿಲ್ಲ. 'ಬ್ಯಾಗ್ ಹಾಕಿದಾರೆ' ಎನ್ನುತ್ತಾರೆ, ಅಷ್ಟೇ.

ಸ್ಟೋಮಾ ಕೆಂಪಗೆ, ಬಾಯೊಳಗಿನ ಚರ್ಮದಂತೆ ತೇವವಾಗಿರುತ್ತದೆ. ತನ್ನಷ್ಟಕ್ಕೆ ತಾನು ಅಲುಗುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ, ಏಕೆಂದರೆ ಚರ್ಮದಲ್ಲಿರುವಂಥ ನೋವಿನ ನರಗಳು ಅದರ ಮೇಲ್ಮೈಯಲ್ಲಿ ಇಲ್ಲ. ಇಡೀ ಕನ್ನಡ ಭಾಷೆ ನೋವಿನ ಮನೆ ಎಂದು ಕರೆದ ಅಂಗ ಕಣ್ಣೆದುರಿಗೆ ಇದೆ, ಅದಕ್ಕೆ ನೋವೇ ಗೊತ್ತಾಗುವುದಿಲ್ಲ. ನಮ್ಮ ರೂಪಕಗಳನ್ನು ಇನ್ನೊಮ್ಮೆ ನೋಡಬೇಕು ಎಂದು ನನಗೆ ಮೊದಲು ಅನ್ನಿಸಿದ್ದು ಈ ಕಾರಣಕ್ಕೆ.

*

ಕರುಳು ದೇಹದಿಂದ ಹೊರಗೆ ಬಂದದ್ದನ್ನು ನಮ್ಮ ಪರಂಪರೆ ಎಲ್ಲಿ ನೋಡಿದೆ ಎಂದು ಹುಡುಕಿದರೆ ಸಿಗುವುದು ರಣರಂಗ. ಹಳಗನ್ನಡದ ಯುದ್ಧವರ್ಣನೆಗಳಲ್ಲಿ ಮರುಳುಗಳು ಹೆಣಗಳ ನಡುವೆ ಕುಣಿಯುತ್ತವೆ, ಕರುಳು ಅವುಗಳ ಆಹಾರ ಮತ್ತು ಆಭರಣ. ಕನ್ನಡದ ಭಾರತ ಪರಂಪರೆಯಲ್ಲಿ, ಯಕ್ಷಗಾನದ ಪ್ರಸಂಗಗಳವರೆಗೂ, ಭೀಮ ದುಶ್ಶಾಸನನ ಕರುಳನ್ನು ದ್ರೌಪದಿಯ ಮುಡಿಗೆ ಮುಡಿಸುತ್ತಾನೆ. ಉಗ್ರನರಸಿಂಹ ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಕೆಡವಿಕೊಂಡು ಕರುಳನ್ನು ಬಗೆದು ಮಾಲೆ ಹಾಕಿಕೊಳ್ಳುತ್ತಾನೆ. ಬೇಲೂರಿನ ಗೋಡೆಯ ಮುಂದೆ ನಿಂತ ಮಕ್ಕಳೆಲ್ಲ ಅದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

ಹಾಗಾಗಿ ಕನ್ನಡದ ಕಲ್ಪನೆಯಲ್ಲಿ ಕರುಳಿಗೆ ಎರಡೇ ನೆಲೆ. ಒಳಗಿದ್ದರೆ ತಾಯಿ, ಹೊರಗೆ ಬಂದರೆ ಸಾವು. ಒಂದು ಕಡೆ ಪವಿತ್ರ, ಇನ್ನೊಂದು ಕಡೆ ಭೀಕರ. ಕರುಳನ್ನು ಹೊರಗಿಟ್ಟುಕೊಂಡೇ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಬಸ್ಸು ಹಿಡಿದು, ಗ್ರಂಥಾಲಯದಲ್ಲಿ ಕುಳಿತು ಪಂಪನನ್ನು ಓದುವ ಮನುಷ್ಯ ಈ ಎರಡರಲ್ಲಿ ಎಲ್ಲೂ ಇಲ್ಲ. ದೇಹವನ್ನು ಇಷ್ಟೊಂದು ಗೌರವದಿಂದ ಕಂಡ ವಚನಕಾರರಲ್ಲಾದರೂ ಹೊಟ್ಟೆಗೆ ಜಾಗ ಇದೆಯೇ ಎಂದು ನೋಡಿದೆ. ಬಸವಣ್ಣನವರ ಪ್ರಸಿದ್ಧ ವಚನದಲ್ಲಿ ದೇಹ ಗುಡಿಯಾಗುತ್ತದೆ, ಕಾಲಿಗೂ ತಲೆಗೂ ಆ ಗುಡಿಯಲ್ಲಿ ಒಂದೊಂದು ಸ್ಥಾನವಿದೆ. ನಡುವಿನ ಹೊಟ್ಟೆಯ ಮಾತು ಬರುವುದಿಲ್ಲ. ಇದು ವಚನಕಾರರ ಮೇಲಿನ ದೂರಲ್ಲ. ಸ್ಥಾವರ ಗುಡಿಯ ಎದುರು ನಡೆದಾಡುವ ದೇಹವನ್ನು ನಿಲ್ಲಿಸುವುದೇ ದೊಡ್ಡ ಸಾಹಸವಾಗಿತ್ತು. ಆ ಗುಡಿಯ ಒಳಗೆ ಏನು ಕೊಳೆಯುತ್ತದೆ, ಏನು ಕಟ್ಟಿಕೊಳ್ಳುತ್ತದೆ ಎಂಬ ಪ್ರಶ್ನೆ ಉಳಿದುಕೊಂಡಿತು ಎಂದಷ್ಟೇ ನನ್ನ ಮಾತು.

ಸೂಸಾನ್ ಸೊಂಟಾಗ್ 1978ರಲ್ಲಿ ಪ್ರಕಟಿಸಿದ 'ಇಲ್‌ನೆಸ್ ಆ್ಯಸ್ ಮೆಟಫರ್' ಪುಸ್ತಕದಲ್ಲಿ ಕ್ಷಯ ಮತ್ತು ಕ್ಯಾನ್ಸರ್‌ಗಳಿಗೆ ಮೆತ್ತಿಕೊಂಡ ರೂಪಕಗಳನ್ನು ಒಂದೊಂದಾಗಿ ಸುಲಿದು ತೋರಿಸಿದಳು. ರೋಗ ರೋಗವೇ, ಅದನ್ನು ಇನ್ನೊಂದರ ಸಂಕೇತವಾಗಿಸಿದಾಗ ನರಳುವವನ ಹೆಗಲ ಮೇಲೆ ಇನ್ನೊಂದು ಹೊರೆ ಬೀಳುತ್ತದೆ ಎಂಬುದು ಅವಳ ವಾದ. ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದವಳ ಮಾತು ಅದು. ಕನ್ನಡದ ಕರುಳಿನ ಕತೆ ಇದಕ್ಕಿಂತ ಸ್ವಲ್ಪ ಬೇರೆ. ಇಲ್ಲಿ ರೋಗ ರೂಪಕವಾಗಿಲ್ಲ, ಅಂಗವೇ ರೂಪಕವಾಗಿದೆ. ಅದೂ ಸುಂದರವಾದ ರೂಪಕ. ಸುಂದರವಾದದ್ದನ್ನು ಸುಲಿಯುವುದು ಇನ್ನೂ ಕಷ್ಟ.

*

ವರ್ಜೀನಿಯಾ ವುಲ್ಫ್ 1926ರಲ್ಲಿ, ಎಲಿಯಟ್ ಸಂಪಾದಿಸುತ್ತಿದ್ದ ಪತ್ರಿಕೆಯಲ್ಲಿ, ಕಾಯಿಲೆ ಬೀಳುವುದರ ಬಗ್ಗೆ ಒಂದು ಪ್ರಬಂಧ ಬರೆದಳು. ಪ್ರೀತಿ, ಯುದ್ಧ, ಮತ್ಸರಗಳ ಹಾಗೆ ಕಾಯಿಲೆ ಯಾಕೆ ಸಾಹಿತ್ಯದ ಮುಖ್ಯ ವಸ್ತುವಾಗಲಿಲ್ಲ ಎಂಬುದು ಅವಳ ಪ್ರಶ್ನೆ. ಹ್ಯಾಮ್ಲೆಟನ ಯೋಚನೆಗೆ ಇಂಗ್ಲಿಷಿನಲ್ಲಿ ಪದಗಳಿವೆ, ತಲೆನೋವಿಗೆ ಇಲ್ಲ ಎಂದು ಅವಳು ದೂರಿದಳು. 2010ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯೊಂದರಿಂದ ಎದ್ದ ಕಾದಂಬರಿಕಾರ್ತಿ ಹಿಲರಿ ಮ್ಯಾಂಟೆಲ್ ತನ್ನ ಆಸ್ಪತ್ರೆಯ ದಿನಗಳ ಬಗ್ಗೆ ಬರೆಯುತ್ತ ಈ ಮಾತನ್ನು ಗೇಲಿ ಮಾಡಿದಳು. ನೋವಿಗೆ ಹಳೆಯ, ಗಟ್ಟಿಯಾದ ಪದಗಳು ಬೇಕಾದಷ್ಟಿವೆ, ವುಲ್ಫ್ ಅವುಗಳ ಹತ್ತಿರ ಹೋಗಲಿಲ್ಲ, ದೇಹದ ದ್ರವಗಳ ಹತ್ತಿರವಂತೂ ಸುಳಿಯಲೇ ಇಲ್ಲ ಎಂಬುದು ಮ್ಯಾಂಟೆಲಳ ತಕರಾರು.

ಕನ್ನಡದ ಮಟ್ಟಿಗೆ ನಾನು ಮ್ಯಾಂಟೆಲಳ ಕಡೆ. ನಮಗೆ ಪದಗಳಿಗೆ ಬರವಿಲ್ಲ. ಹೊಟ್ಟೆ ನುಲಿಯುತ್ತದೆ, ಹಿಂಡುತ್ತದೆ, ಕಿವುಚುತ್ತದೆ, ಮುರಿಯುತ್ತದೆ, ತೊಳಸುತ್ತದೆ, ಉಬ್ಬರಿಸುತ್ತದೆ, ಉರಿಯುತ್ತದೆ, ಹಿಡಿದುಕೊಳ್ಳುತ್ತದೆ. ಇವು ಒಂದೇ ಅರ್ಥದ ಪದಗಳಲ್ಲ. ತೊಳಸುವುದು ವಾಂತಿಯ ಮುನ್ಸೂಚನೆ. ಉಬ್ಬರಿಸುವುದು ಗಾಳಿ ತುಂಬಿದ ಹೊಟ್ಟೆಯ ಬಿಗಿತ. ನುಲಿತ ಅಲೆಯಂತೆ ಬಂದು ಏರಿ ಇಳಿದು ಹೋಗುತ್ತದೆ. ಹಿಡಿದುಕೊಂಡದ್ದು ಹಾಗೇ ಇರುತ್ತದೆ, ಬಿಡುವುದಿಲ್ಲ.

ಕರುಳು ಕಟ್ಟಿಕೊಂಡಾಗ ಈ ವ್ಯತ್ಯಾಸಗಳೆಲ್ಲ ಮುಖ್ಯವಾಗುತ್ತವೆ. ಇಲಿಯಾಸ್ಟಮಿ ಇರುವವರಲ್ಲಿ ಕಟ್ಟು ಸಾಮಾನ್ಯವಾಗಿ ಎರಡು ಕಾರಣಗಳಿಂದ ಬರುತ್ತದೆ. ಸರಿಯಾಗಿ ಅಗಿಯದ ನಾರು, ಕರುಳು ಹೊಟ್ಟೆಯ ಗೋಡೆಯನ್ನು ದಾಟುವ ಇಕ್ಕಟ್ಟಿನ ಜಾಗದಲ್ಲಿ ಉಂಡೆಯಾಗಿ ಸಿಕ್ಕಿಕೊಳ್ಳುವುದು ಒಂದು. ಒಳಗಿನ ಹಳೆಯ ಗಾಯದ ಪಟ್ಟಿಗಳು ಕರುಳನ್ನು ಎಳೆದು ಮಡಚುವುದು ಇನ್ನೊಂದು. ಚೀಲಕ್ಕೆ ಬರುವುದು ನಿಲ್ಲುತ್ತದೆ, ಇಲ್ಲವೇ ನಾರುವ ನೀರು ಮಾತ್ರ ಬರುತ್ತದೆ. ಸ್ಟೋಮಾ ಊದಿಕೊಳ್ಳುತ್ತದೆ. ಕರುಳು ತಡೆಯನ್ನು ದಾಟಲು ಶಕ್ತಿಮೀರಿ ಹಿಂಡುವಾಗ ನುಲಿತ ಶುರುವಾಗುತ್ತದೆ. ಆ ಏರಿಳಿತ ಹೋಗಿ ನೋವು ಒಂದೇ ಸಮನೆ ನಿಂತುಬಿಟ್ಟರೆ, ಜ್ವರ ಬಂದರೆ, ಕರುಳಿಗೆ ರಕ್ತ ಹೋಗುತ್ತಿಲ್ಲದಿರಬಹುದು ಎಂಬ ಎಚ್ಚರಿಕೆ ಅದು. ವೈದ್ಯರು ಇದನ್ನು ತಿಳಿಯಲು ನೋವಿನ ಗುಣವನ್ನೇ ಕೇಳುತ್ತಾರೆ. 'ನುಲಿತ' ಮತ್ತು 'ಹಿಡಿತ' ಎಂಬ ಎರಡು ಕನ್ನಡ ಪದಗಳ ನಡುವೆ ಒಂದು ಆಪರೇಷನ್ ಥಿಯೇಟರ್ ಇದೆ.

ಇದನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಕಲಿತದ್ದು ಪುಸ್ತಕದಿಂದಲ್ಲ. ಮೊದಲ ಸಲ ಕಟ್ಟಿದಾಗ ಹತ್ತಿರದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ಅಮ್ಮ ಹೇಳಿದ್ದು ಇಷ್ಟು: 'ಹೊಟ್ಟೆ ಕಟ್ಬಿಟ್ಟಿದೆ ಡಾಕ್ಟ್ರೇ, ರಾತ್ರಿಯಿಂದ ಏನೂ ಹೋಗಿಲ್ಲ.' ಅಮ್ಮನ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಪಾಳಿಯಲ್ಲಿದ್ದ ಎಳೆಯ ವೈದ್ಯರು ಕೇಳಿಸಿಕೊಂಡದ್ದು ಮಲಬದ್ಧತೆ. ಭೇದಿಯ ಸಿರಪ್ ಬರೆದರು. ಕಟ್ಟಿದ ಕರುಳಿಗೆ ಭೇದಿಯ ಔಷಧ ಕೊಡುವುದು ಮುಚ್ಚಿದ ತೂಬಿನ ಹಿಂದೆ ಇನ್ನಷ್ಟು ನೀರು ಬಿಟ್ಟ ಹಾಗೆ. ನನ್ನ ಅಂಗಿ ಎತ್ತಿ ಖಾಲಿ ಚೀಲವನ್ನು ನೋಡಿದ ಸಿಸ್ಟರ್ ಒಬ್ಬರು 'ಸರ್, ಇವ್ರಿಗೆ ಸ್ಟೋಮಾ ಇದೆ' ಎಂದರು, ಹಿರಿಯ ವೈದ್ಯರನ್ನು ಕರೆಸಿದರು. ಆಮೇಲೆ ನಡೆದದ್ದು ಎಲ್ಲ ಕಡೆ ನಡೆಯುವುದೇ: ಬಾಯಿಗೆ ಏನೂ ಇಲ್ಲ, ಕೈಗೆ ಡ್ರಿಪ್, ಮೂಗಿನಿಂದ ಹೊಟ್ಟೆಗೆ ನಳಿಕೆ, ಸ್ಕ್ಯಾನ್, ಕಾಯುವುದು. ಮೂರನೆಯ ದಿನ ತಾನಾಗಿ ಬಿಟ್ಟಿತು.

ಈ ಪ್ರಸಂಗವನ್ನು ನಾನು ಭಾಷೆಯ ಪ್ರಸಂಗವಾಗಿ ಓದುತ್ತೇನೆ. 'ಕಟ್ಟು' ಎಂಬ ಧಾತು ಕನ್ನಡದಲ್ಲಿ ಎಷ್ಟು ದುಡಿಯುತ್ತದೆ ನೋಡಿ. ಗಂಟಲು ಕಟ್ಟುತ್ತದೆ, ಉಸಿರು ಕಟ್ಟುತ್ತದೆ, ಹೊಟ್ಟೆ ಕಟ್ಟುತ್ತದೆ. ಮನೆ ಕಟ್ಟುತ್ತೇವೆ, ಹಾಡು ಕಟ್ಟುತ್ತೇವೆ, ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಓದಿಸುತ್ತೇವೆ. ಈ ಶ್ರೀಮಂತಿಕೆಯೇ ಆ ರಾತ್ರಿ ಅಪಾಯವಾಗಿತ್ತು. ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವ ಕಿವಿಗೆ ತರಬೇತಿ ಸಿಕ್ಕಿರಲಿಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಈ ಕನ್ನಡ ಕಲಿಸುವುದಿಲ್ಲ, ಸಾಹಿತ್ಯದ ತರಗತಿಯಲ್ಲೂ ಇಲ್ಲ. ಅದು ಅಜ್ಜಿಯರ ಕನ್ನಡವಾಗಿ, ಹರಳೆಣ್ಣೆ ಮತ್ತು ಓಂಕಾಳಿನ ಜೊತೆ ಅಡುಗೆಮನೆಯಲ್ಲೇ ಉಳಿದಿದೆ. ಅಲ್ಲಿಯೂ ಅದು ಪೂರ್ತಿ ಸುರಕ್ಷಿತವಲ್ಲ. ಸ್ಟೋಮಾ ಇರುವವರಿಗೆ ಕಟ್ಟಿದಾಗ ಹರಳೆಣ್ಣೆ ಕುಡಿಸಲೇಬಾರದು ಎಂದು ಮನೆಗೆ ಬಂದ ಪ್ರತಿಯೊಬ್ಬ ಹಿರಿಯರಿಗೂ ನಾನು ಬಿಡಿಸಿ ಹೇಳಬೇಕಾಗಿದೆ.

*

ಇನ್ನು 'ಅಂಟು'. ಕರುಳಿನ ಗಾಯದ ಪಟ್ಟಿಗಳಿಗೆ ಇಂಗ್ಲಿಷಿನಲ್ಲಿ ಅಡ್ಹೀಶನ್ ಎನ್ನುತ್ತಾರೆ. ನನ್ನ ಶಸ್ತ್ರವೈದ್ಯರು ಕನ್ನಡದಲ್ಲಿ ಹೇಳಿದ್ದು 'ಒಳಗೆ ಅಂಟ್ಕೊಂಡಿರತ್ತೆ' ಎಂದು. ಅದು ಒಳ್ಳೆಯ ಅನುವಾದ. ಹೊಟ್ಟೆ ತೆರೆದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬಹುಪಾಲು ಜನರಲ್ಲಿ ಅಷ್ಟೋ ಇಷ್ಟೋ ಅಂಟು ಬೆಳೆಯುತ್ತದೆ. ಹೆಚ್ಚಿನವರಿಗೆ ಅದು ಗೊತ್ತೂ ಆಗುವುದಿಲ್ಲ. ಗಾಯ ಮಾಗುವಾಗ ದೇಹ ನೇಯುವ ನಾರು ಅದು. ಜಾರುತ್ತ ಇರಬೇಕಾದ ಎರಡು ಮೈಗಳನ್ನು, ಕರುಳಿನ ಒಂದು ಸುರುಳಿಯನ್ನು ಇನ್ನೊಂದಕ್ಕೆ ಅಥವಾ ಹೊಟ್ಟೆಯ ಗೋಡೆಗೆ, ಹೊಲಿದುಬಿಡುತ್ತದೆ. ಸ್ಕ್ಯಾನಿನಲ್ಲಿ ಅಂಟು ನೇರವಾಗಿ ಕಾಣುವುದು ಕಡಿಮೆ. ಕಾಣುವುದು ಅದರ ಪರಿಣಾಮ, ಉಬ್ಬಿದ ಕರುಳು ಇದ್ದಕ್ಕಿದ್ದಂತೆ ಸಣ್ಣದಾಗುವ ಒಂದು ತಿರುವು. ಇದಕ್ಕಿರುವ ಚಿಕಿತ್ಸೆಯ ತೊಡಕು ಗಮನಿಸಿ. ಅಂಟು ಬಿಡಿಸಲು ಮತ್ತೆ ಹೊಟ್ಟೆ ತೆರೆಯಬೇಕು, ತೆರೆದರೆ ಹೊಸ ಅಂಟು ಬೆಳೆಯುತ್ತದೆ. ಹಾಗಾಗಿ ಕರುಳಿನ ಜೀವಕ್ಕೆ ಅಪಾಯವಿಲ್ಲದಿದ್ದರೆ ವೈದ್ಯರು ಆದಷ್ಟೂ ಕಾಯುತ್ತಾರೆ.

ಸ್ವತಃ ಹೃದಯಾಘಾತವನ್ನೂ ಕ್ಯಾನ್ಸರನ್ನೂ ಕಂಡ ಸಮಾಜಶಾಸ್ತ್ರಜ್ಞ ಆರ್ಥರ್ ಫ್ರಾಂಕ್ 1995ರಲ್ಲಿ ಕಾಯಿಲೆಯ ಕಥನಗಳನ್ನು ಮೂರಾಗಿ ವಿಂಗಡಿಸಿದ. ಚೆನ್ನಾಗಿದ್ದೆ, ಕಾಯಿಲೆ ಬಿದ್ದೆ, ಮತ್ತೆ ಚೆನ್ನಾದೆ ಎಂಬುದು ಚೇತರಿಕೆಯ ಕಥನ. ಹೇಳಲೂ ಆಗದ, ಮುಂದೆ ದಾರಿಯೇ ಕಾಣದ ಗೊಂದಲದ ಕಥನ ಎರಡನೆಯದು. ಕಾಯಿಲೆಯ ಮೂಲಕ ಏನನ್ನೋ ಕಂಡುಕೊಂಡೆ ಎನ್ನುವ ಅರಸುವಿಕೆಯ ಕಥನ ಮೂರನೆಯದು. ಕನ್ನಡದ ವಿಮರ್ಶೆಗೆ ಈ ವಿಂಗಡಣೆ ಉಪಯುಕ್ತ, ಆದರೆ ಅಂಟಿನ ಕತೆ ಇದರೊಳಗೆ ಕೂರುವುದಿಲ್ಲ. ಇಲ್ಲಿ ವಾಸಿಯಾಗುವ ಕ್ರಿಯೆಯೇ ಮುಂದಿನ ಕಾಯಿಲೆ. ಇದು ಗೊಂದಲವಲ್ಲ, ಏಕೆಂದರೆ ಏನಾಗುತ್ತದೆ, ಏನು ಮಾಡಬೇಕು ಎಂಬುದೆಲ್ಲ ಗೊತ್ತಿದೆ. ಜ್ಞಾನೋದಯವೂ ಅಲ್ಲ. ಐದು ವರ್ಷಗಳಲ್ಲಿ ನಾಲ್ಕು ಸಲ ಕಟ್ಟಿದೆ, ನಾಲ್ಕನೆಯ ಸಲ ಮೊದಲ ಸಲಕ್ಕಿಂತ ನಾನು ಹೆಚ್ಚು ಆಳವಾದ ಮನುಷ್ಯಜೀವಿ ಆಗಿರಲಿಲ್ಲ. ಹೆಚ್ಚು ತಯಾರಾಗಿದ್ದೆ, ಅಷ್ಟೇ.

'ಅಂಟು' ಪದ ಕನ್ನಡದಲ್ಲಿ ಒಂಟಿಯಾಗಿ ಬರುವುದಿಲ್ಲ. ಅಂಟುನಂಟು ಇದೆ, ಅಂಟುಜಾಡ್ಯ ಇದೆ, ಅಂಟುಮುಟ್ಟು ಇದೆ. ಒಂದು ಬಂಧುತ್ವ, ಒಂದು ಸೋಂಕು, ಒಂದು ಮೈಲಿಗೆ. ಶಸ್ತ್ರವೈದ್ಯರ ಮಾತನ್ನು ಅಮ್ಮ ಊರಿನಲ್ಲಿ ಹೇಳಿದಾಗ ಪಕ್ಕದ ಮನೆಯವರು ಕೇಳಿದ ಮೊದಲ ಪ್ರಶ್ನೆ 'ಯಾರಿಂದ ಅಂಟ್ತಂತೆ?' ಎಂಬುದು. ಇದು ಅವರ ಅಜ್ಞಾನವಲ್ಲ. ಹೊಟ್ಟೆಯಿಂದ ಹೊರಬರುವುದರ ಬಗ್ಗೆ ನಮ್ಮ ಭಾಷೆ ಸಾವಿರ ವರ್ಷಗಳಿಂದ ಮಾಡಿಕೊಂಡು ಬಂದ ಏರ್ಪಾಡು ಅದು. ಮಡಿ, ಮುಸುರೆ, ಎಂಜಲು, ಮೈಲಿಗೆ ಎಂಬ ಈ ಏರ್ಪಾಡಿನ ಕೇಂದ್ರದಲ್ಲಿ ಇರುವುದು ದೇಹದ ತೂತುಗಳು: ಏನು ಒಳಗೆ ಹೋಗಬಹುದು, ಏನು ಹೊರಗೆ ಬಂದರೆ ಯಾರು ಮುಟ್ಟಬಾರದು.

ಅದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ಬಿಟ್ಟು ಮಲದ ಬಗ್ಗೆ ಕನ್ನಡದಲ್ಲಿ ಮಾತಾಡಲಾಗದು. ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಅದೇ ಬಸವಲಿಂಗಪ್ಪ 1973ರಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ದೊಡ್ಡ ಗಲಭೆಯಾಯಿತು, ಅವರು ಸ್ಥಾನ ಬಿಡಬೇಕಾಯಿತು, ದಲಿತ ಚಳವಳಿಗೆ ಅಲ್ಲಿಂದ ಹೊಸ ಬಲ ಬಂತು. ಸಾಹಿತ್ಯ ಚರಿತ್ರೆಯಲ್ಲಿ ಎರಡನೆಯ ಸಂಗತಿಯನ್ನು ಓದುತ್ತೇವೆ, ಮೊದಲನೆಯದನ್ನು ಅಡಿಟಿಪ್ಪಣಿಯಲ್ಲಿ ಬಿಡುತ್ತೇವೆ. ನನಗೆ ಎರಡೂ ಒಂದೇ ವಾಕ್ಯವಾಗಿ ಕೇಳಿಸುತ್ತವೆ. ಯಾರ ತಲೆಯ ಮೇಲೆ ಏನಿದೆ ಎಂದು ನೋಡದ ಸಾಹಿತ್ಯದಲ್ಲಿ ಪೌಷ್ಟಿಕಾಂಶವಿಲ್ಲ ಎಂಬುದು ಆ ವಾಕ್ಯ. 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದಾಗಲೂ ಆ ವಾಕ್ಯ ಮುಗಿದಿರಲಿಲ್ಲ.

ಇಲ್ಲಿ ಒಂದು ಗೆರೆಯನ್ನು ಎಳೆದುಕೊಳ್ಳಬೇಕು. ನನ್ನ ಚೀಲವನ್ನು ನಾನೇ ಖಾಲಿ ಮಾಡುತ್ತೇನೆ, ಬಾಗಿಲು ಹಾಕಿಕೊಂಡು, ನೀರಿರುವ ಶೌಚಾಲಯದಲ್ಲಿ. ಬಲವಂತವಾಗಿ ಇನ್ನೊಬ್ಬರ ಮಲವನ್ನು ಹೊತ್ತವರ ಅನುಭವದ ಜೊತೆ ಇದನ್ನು ಹೋಲಿಸುವುದು ಅನ್ಯಾಯ. ಆದರೂ ದಲಿತ ಬರಹವನ್ನು ಓದಿದ್ದರಿಂದಲೇ ನನಗೆ ಒಂದು ಧೈರ್ಯ ಬಂದದ್ದು ನಿಜ. ಅಸಹ್ಯ ಎಂಬುದು ವಸ್ತುವಿನಲ್ಲಿ ಇರುವುದಿಲ್ಲ, ಅದನ್ನು ಯಾರ ಮೇಲೋ ಹೊರಿಸಲಾಗುತ್ತದೆ ಎಂಬ ತಿಳಿವು ಕನ್ನಡಕ್ಕೆ ಅಲ್ಲಿಂದ ಬಂದಿದೆ.

*

ಅನಂತಮೂರ್ತಿಯವರ 'ಸಂಸ್ಕಾರ'ವನ್ನು (1965) ಈ ಬೆಳಕಿನಲ್ಲಿ ಮತ್ತೆ ಓದಿದೆ. ನಾರಣಪ್ಪನ ಹೆಣ ಕೊಳೆಯುತ್ತ ಬಿದ್ದಿದೆ, ಅಗ್ರಹಾರದವರು ಉಪವಾಸ ಕೂತಿದ್ದಾರೆ, ಪ್ಲೇಗು ಬಂದಿದೆ. ಹಸಿವು ಮತ್ತು ದುರ್ನಾತ ಧರ್ಮಶಾಸ್ತ್ರದ ಚರ್ಚೆಯನ್ನು ಒಳಗಿನಿಂದ ಅಲುಗಿಸುವುದನ್ನು ಇಷ್ಟು ಚೆನ್ನಾಗಿ ಬರೆದ ಇನ್ನೊಂದು ಕಾದಂಬರಿ ಕನ್ನಡದಲ್ಲಿಲ್ಲ. ದೇಹದ ಬಗ್ಗೆ ನವ್ಯರು ಮಾತಾಡಿದರು ಎಂದು ನಾವು ಹೇಳುವಾಗ ಮುಖ್ಯವಾಗಿ ನೆನೆಯುವುದು ಪ್ರಾಣೇಶಾಚಾರ್ಯ ಮತ್ತು ಚಂದ್ರಿ ಕೂಡಿದ ರಾತ್ರಿಯನ್ನು. ಆದರೆ ಆ ಮನೆಯಲ್ಲಿ ಇನ್ನೊಂದು ದೇಹ ಇದೆ, ಆಚಾರ್ಯರ ಹೆಂಡತಿ ಭಾಗೀರಥಿಯದು. ಹುಟ್ಟಾ ರೋಗಿ. ಅವಳನ್ನು ಮದುವೆಯಾಗಿ ಆರೈಕೆ ಮಾಡುವುದನ್ನು ಆಚಾರ್ಯರು ತಮ್ಮ ಮುಕ್ತಿಯ ದಾರಿಯಾಗಿ ಕಾಣುತ್ತಾರೆ. ಕಾದಂಬರಿ ಈ ಸ್ವಾರ್ಥವನ್ನು ಬಯಲಿಗೆಳೆಯುತ್ತದೆ, ಅದು ಅದರ ಶಕ್ತಿ. ಆದರೂ ಭಾಗೀರಥಿಗೆ ಯಾವ ಕಾಯಿಲೆ, ಎಲ್ಲಿ ನೋವು, ಯಾವ ಹೊತ್ತಿಗೆ ಹೆಚ್ಚು, ತನ್ನನ್ನು ದಿನವೂ ಒಬ್ಬ ಪುಣ್ಯವಂತ ಮುಟ್ಟಿ ತೊಳೆಯುವಾಗ ಅವಳಿಗೆ ಏನನ್ನಿಸುತ್ತಿತ್ತು, ಇವು ಅಲ್ಲಿಲ್ಲ. ಆಚಾರ್ಯರ ಸಾಧನೆಗೂ ಅವಳು ನೆಪ, ಆ ಸಾಧನೆಯ ವಿಮರ್ಶೆಗೂ ನೆಪ. ರೋಗಿಯನ್ನು ಮತ್ತೊಬ್ಬರ ಆತ್ಮಕಥೆಯ ಸಾಮಗ್ರಿಯಾಗಿಸುವ ಈ ಅಭ್ಯಾಸ ನಮ್ಮ ಗದ್ಯದಲ್ಲಿ ಆಳವಾಗಿದೆ. ಭಾಗೀರಥಿಯ ಕಡೆಯಿಂದ 'ಸಂಸ್ಕಾರ'ವನ್ನು ಓದುವ ಒಂದು ಲೇಖನವನ್ನು ಯಾರಾದರೂ ಬರೆಯಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ.

ಭಾಗೀರಥಿಯರು ತಾವೇ ಮಾತಾಡಿದ ಬರಹಗಳೂ ಕನ್ನಡದಲ್ಲಿ ಬಂದಿವೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಹೆಣ್ಣಿನ ದೇಹದ ಬಗ್ಗೆ ಸಂಕೋಚವಿಲ್ಲದ, ಸರಳವಾದ ಕನ್ನಡವನ್ನು ಮನೆಮನೆಗೆ ತಲುಪಿಸಿದರು. ಅವರ ಆರೋಗ್ಯ ಪುಸ್ತಕಗಳನ್ನು ನಾವು ಸಾಹಿತ್ಯದ ಕಪಾಟಿನಲ್ಲಿ ಇಡುವುದಿಲ್ಲ, ಅದು ನಮ್ಮ ನಷ್ಟ. ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು' ಕ್ಯಾನ್ಸರಿನ ಅನುಭವ ಕಥನ. ಹೆಸರೇ ಕಿಸಾಗೌತಮಿಯ ಕತೆಯನ್ನು ತಿರುಗಿಸಿ ನಿಲ್ಲಿಸುತ್ತದೆ: ಸಾವಿಲ್ಲದ ಮನೆಯ ಸಾಸಿವೆ ಸಿಗದು ಎಂದು ಹೇಳುವ ಕತೆಗೆ ಎದುರಾಗಿ ಸಾಸಿವೆ ತಂದೇ ಬಿಟ್ಟವಳು. ಆ ಪುಸ್ತಕದ ಲವಲವಿಕೆ ಮತ್ತು ನಗು ಕನ್ನಡದ ರೋಗಕಥನಕ್ಕೆ ದೊಡ್ಡ ಕೊಡುಗೆ. ಆದರೆ ಒಂದು ವ್ಯತ್ಯಾಸ ಇದೆ. ಕ್ಯಾನ್ಸರಿಗೆ ಕನ್ನಡದಲ್ಲಿ ಒಂದು ಘನತೆ ಬಂದಿದೆ, ಗೆದ್ದು ಬಂದವರು ಎಂಬ ಮಾತು ಸಿಕ್ಕಿದೆ. ಮಲದ ಚೀಲಕ್ಕೆ ಅಂಥ ಮಾತಿಲ್ಲ. ಅದು ಗೆಲ್ಲುವ ವಿಷಯವೇ ಅಲ್ಲ, ದಿನವೂ ತೊಳೆದುಕೊಳ್ಳುವ ವಿಷಯ.

*

ಹಾಗಾದರೆ ಇದನ್ನು ಬರೆಯುವ ರೂಪ ಯಾವುದು? ನನ್ನ ಹತ್ತಿರ ಇರುವ ಅತ್ಯಂತ ನಿಖರವಾದ ಗದ್ಯ ಎಂದರೆ ಅಮ್ಮ ಮತ್ತು ನಾನು ಸೇರಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ ಪಥ್ಯದ ಪಟ್ಟಿ. ನಮ್ಮದು ತಿಪಟೂರಿನ ಕಡೆ, ಕೊಬ್ಬರಿಯ ಸೀಮೆ. ಇಲಿಯಾಸ್ಟಮಿ ಇರುವವರಿಗೆ ಎಚ್ಚರಿಕೆ ಹೇಳುವ ಪಟ್ಟಿಗಳಲ್ಲೆಲ್ಲ ತೆಂಗಿನಕಾಯಿ ಇರುತ್ತದೆ. ತೆಂಗಿನ ತುರಿ, ಜೋಳದ ತೆನೆ, ಅಣಬೆ, ಕಡಲೆಕಾಯಿ, ಒಣಹಣ್ಣು, ಕಿತ್ತಳೆಯ ಬಿಳಿ ನಾರು. ಇದಕ್ಕೆ ನಾವು ಸೇರಿಸಿದ್ದು ಬಾಳೆದಿಂಡು, ನುಗ್ಗೆಕಾಯಿ, ಹಲಸಿನ ತೊಳೆ, ಹಸಿ ಕೋಸಂಬರಿ. ತುರಿಯ ಬದಲು ಕಾಯಿಹಾಲು ಹಿಂಡಿ ಹಾಕಬಹುದು. ಹೊಸದನ್ನು ಒಂದು ಸಲಕ್ಕೆ ಒಂದೇ, ಸ್ವಲ್ಪವೇ, ಚೆನ್ನಾಗಿ ಅಗಿದು. ಬೇಸಿಗೆಯಲ್ಲಿ ಬರೀ ನೀರಲ್ಲ, ಉಪ್ಪು ಸಕ್ಕರೆಯ ಓಆರ್‌ಎಸ್.

ಪಟ್ಟಿಯ ಎರಡನೆಯ ಭಾಗ ಕಟ್ಟಿದಾಗಿನದು. ಗಟ್ಟಿ ಆಹಾರ ನಿಲ್ಲಿಸು. ವಾಂತಿ ಇಲ್ಲದಿದ್ದರೆ ಬಿಸಿ ನೀರು, ತೆಳು ಚಹಾ ಗುಟುಕು ಗುಟುಕಾಗಿ. ಬಿಸಿ ನೀರಿನ ಸ್ನಾನ. ಮಂಡಿಯನ್ನು ಎದೆಗೆ ಎಳೆದುಕೊಂಡು ಮಲಗು, ಮಗ್ಗುಲು ಬದಲಿಸು. ಸ್ಟೋಮಾದ ಸುತ್ತ ಮೆಲ್ಲಗೆ ನೀವು. ಸ್ಟೋಮಾ ಊದಿದ್ದರೆ ಚೀಲದ ತೂತನ್ನು ದೊಡ್ಡದಾಗಿ ಕತ್ತರಿಸಿ ಹಾಕಿಕೊ. ಭೇದಿಯ ಔಷಧ ಬೇಡ. ವಾಂತಿ ಶುರುವಾದರೆ, ಅಥವಾ ನೋವಿನ ಜೊತೆ ನಾಲ್ಕಾರು ಗಂಟೆ ಏನೂ ಬಾರದಿದ್ದರೆ ಆಸ್ಪತ್ರೆ. ಕೊನೆಯ ಸಾಲು ಮೊದಲ ಪ್ರಸಂಗದ ನಂತರ ಸೇರಿದ್ದು, ಅಮ್ಮನ ಕೈಬರಹದಲ್ಲಿದೆ: 'ಹೊಟ್ಟೆ ಕಟ್ಟಿದೆ ಅನ್ನಬಾರದು. ಇಲಿಯಾಸ್ಟಮಿ ಇದೆ, ಸಣ್ಣಕರುಳು ಬ್ಲಾಕ್ ಆಗಿದೆ ಅನ್ನಬೇಕು.'

ಆ ಸಾಲಿನ ಬಗ್ಗೆ ನನಗೆ ಎರಡು ಮನಸ್ಸಿದೆ. ಅಮ್ಮ ತನ್ನ ಸ್ವಂತ ಮಾತನ್ನು ಬಿಟ್ಟುಕೊಟ್ಟು ಆಸ್ಪತ್ರೆಯ ಮಾತನ್ನು ಕಲಿತಳು. ನನ್ನ ಜೀವದ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಒಂದು ಭಾಷೆಯ ಮಟ್ಟಿಗೆ ಅದು ಸೋಲು. ಪಂಡಿತರು ಪಾರಿಭಾಷಿಕ ಕೋಶಗಳಲ್ಲಿ ಸಂಸ್ಕೃತದ ಪದಗಳನ್ನು ಟಂಕಿಸುತ್ತ ಕೂತಾಗ, ವೈದ್ಯರು ಇಂಗ್ಲಿಷಿನಲ್ಲಿ ಮಾತಾಡುವಾಗ, ನುಲಿತ ಹಿಡಿತಗಳ ನಿಖರ ಕನ್ನಡ ನಡುವೆ ಬಿದ್ದುಹೋಗುತ್ತದೆ.

ಇಂಥ ಪಟ್ಟಿಯನ್ನು ಸಾಹಿತ್ಯ ಎಂದು ಕರೆಯಬಹುದೇ ಎಂದು ಒಂದು ಸೆಮಿನಾರಿನಲ್ಲಿ ನನ್ನನ್ನು ಕೇಳಿದರು. ನಮ್ಮ ಹಳೆಯವರು ಆ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ ಎಂದು ಉತ್ತರಿಸಿದೆ. 11ನೇ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ನೀರು ಹುಡುಕುವುದರಿಂದ ಅಡುಗೆಯವರೆಗೆ, ವೈದ್ಯದವರೆಗೆ ಎಲ್ಲವೂ ಇದೆ. 14ನೇ ಶತಮಾನದ ಮಂಗರಾಜ ವಿಷಚಿಕಿತ್ಸೆಯ ಬಗ್ಗೆ 'ಖಗೇಂದ್ರಮಣಿದರ್ಪಣ'ವನ್ನು ಬರೆದದ್ದು ಪದ್ಯದಲ್ಲಿ. ಕೀರ್ತಿವರ್ಮ ದನಗಳ ಕಾಯಿಲೆಗೆ 'ಗೋವೈದ್ಯ' ಬರೆದ. ಇವುಗಳನ್ನು ಶಾಸ್ತ್ರಗ್ರಂಥ ಎಂಬ ಬೇರೆ ಗೂಡಿಗೆ ತಳ್ಳಿದ್ದು ನಮ್ಮ ಆಧುನಿಕ ಸಾಹಿತ್ಯ ಚರಿತ್ರೆಗಳು. ಹಾವು ಕಚ್ಚಿದವನ ಮೈಯಲ್ಲಿ ವಿಷ ಏರುವ ಕ್ರಮವನ್ನು ಛಂದಸ್ಸಿನಲ್ಲಿ ಹೇಳಬಹುದು ಎಂದು ನಂಬಿದ ಭಾಷೆಗೆ, ಕಟ್ಟಿದ ಕರುಳಿನ ಕ್ರಮವನ್ನು ಗದ್ಯದಲ್ಲಿ ಹೇಳುವುದು ಅಸಾಧ್ಯವಾಗಬೇಕಿಲ್ಲ.

ಕರುಳಿನ ಹಳೆಯ ರೂಪಕಗಳನ್ನು ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಹೆತ್ತ ಕರುಳು ಎಂಬ ಮಾತಿನಲ್ಲಿ ನಿಜವಿದೆ. ಆ ಮಾತಿನ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬೇಕು ಎಂಬುದಷ್ಟೇ ನನ್ನ ಬೇಡಿಕೆ. ಕರುಳು ಅರಗಿಸುತ್ತದೆ, ಹಿಂಡುತ್ತದೆ, ಅಂಟಿಕೊಳ್ಳುತ್ತದೆ, ಕಟ್ಟುತ್ತದೆ, ಬಿಡುತ್ತದೆ. ಈ ಐದು ಕ್ರಿಯಾಪದಗಳನ್ನು ಭಾವನೆಯ ಹಂಗಿಲ್ಲದೆ ಬಳಸಿದ ಒಂದು ಕಾದಂಬರಿಗಾಗಿ, ಒಂದು ಕತೆಗಾಗಿ ನಾನು ಕಾಯುತ್ತಿದ್ದೇನೆ. ಇಂಟೆಸ್ಟೈನಲ್ ಟಿಬಿಯಿಂದ, ಟೈಫಾಯ್ಡ್‌ನಲ್ಲಿ ಕರುಳು ತೂತಾಗಿ, ಕ್ರೋನ್ಸ್‌ನಿಂದ, ಕ್ಯಾನ್ಸರಿನಿಂದ ಹೊಟ್ಟೆಯ ಮೇಲೆ ಚೀಲ ಹಾಕಿಸಿಕೊಂಡವರು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಇದ್ದಾರೆ, ನಮ್ಮ ಬಸ್ಸುಗಳಲ್ಲಿ ಇದ್ದಾರೆ. ಅಂಗಿಯ ಒಳಗೆ ಏನಿದೆ ಎಂದು ಯಾರಿಗೂ ಹೇಳದೆ ಮದುವೆಮನೆಯ ಪಂಕ್ತಿಯಲ್ಲಿ ಕುಳಿತು, ಬಡಿಸಲು ಬಂದ ಕೋಸಂಬರಿಗೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಅವರ ಕನ್ನಡವನ್ನು ಬರೆದುಕೊಳ್ಳುವ ಕೆಲಸ ಇನ್ನೂ ಶುರುವಾಗಿಲ್ಲ. ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಆ ಪದಗಳ ಪಟ್ಟಿಯಿಂದ ಆರಂಭವಾಗುತ್ತದೆ. ನಿಮ್ಮ ಮನೆಯ ಅಜ್ಜಿ ಹೊಟ್ಟೆನೋವಿಗೆ ಬಳಸುವ, 'ಹೊಟ್ಟೆನೋವು' ಅಲ್ಲದ ಪದ ಯಾವುದಾದರೂ ಇದ್ದರೆ ಅದನ್ನು ಈಗಲೇ ಬರೆದಿಟ್ಟುಕೊಳ್ಳಿ. ಯಾರಿಗಾದರೂ ಬೇಕಾಗುತ್ತದೆ.